ಮನೆಯಂಗಳದ ಹಿಮ, ದಿನಚರಿಯ ಲೆಕ್ಕ

ಇತಿಹಾಸವೆಂದೊಡನೆ ನಿಮ್ಮ ಮನಸ್ಸಿಗೆ ಬರುವುದು ಅರಸರು, ಯುದ್ಧಗಳು, ಶಾಸನಗಳು. ಆದರೆ ಚಳಿಗೂ ಒಂದು ಇತಿಹಾಸವುಂಟು. ಅದನ್ನು ಬರೆದವರಲ್ಲಿ ಬಹುಪಾಲು ಜನ ಆಸ್ಥಾನದ ಪಂಡಿತರಲ್ಲ. ತಮ್ಮ ಮನೆಯ ಗೋಡೆಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿ, ಬೆಳಗಾಗೆದ್ದು ಅದನ್ನು ನೋಡಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡ ಪಾದ್ರಿಗಳು, ವೈದ್ಯರು, ರೈತರು, ಶಾಲಾ ಉಪಾಧ್ಯಾಯರು ಅವರು. ಅಂಥವರ ಕಥೆಯನ್ನು ಈ ಲೇಖನದಲ್ಲಿ ನೋಡೋಣ.

ಮಾಗಿಯ ಚಳಿ ಬಂದಾಗಲೆಲ್ಲ ಮನೆಯ ಹಿರಿಯರು ಒಂದು ಮಾತು ಹೇಳುವುದನ್ನು ನೀವು ಕೇಳಿರುತ್ತೀರಿ: "ಇಂಥ ಚಳಿಯನ್ನು ನಾವು ಕಂಡೇ ಇರಲಿಲ್ಲ." ಮರುವರ್ಷವೂ ಅದೇ ಮಾತು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಮೈಗೆ ಇಂದಿನ ಚಳಿ ಗೊತ್ತು. ಹತ್ತು ವರ್ಷದ ಹಿಂದಿನ ಚಳಿಯ ನೆನಪು ಮಾತ್ರ ಉಂಟು. ನೆನಪಿಗೆ ಅಳತೆಗೋಲು ಇಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು ದಾಖಲಾದದ್ದು 1884ರ ಜನವರಿ 13ರಂದು. ಆ ಚಳಿಯಲ್ಲಿ ನಡುಗಿದವರು ಯಾರೂ ಇಂದು ಬದುಕಿಲ್ಲ. ಆದರೂ ಅದು ನಮಗೆ ಗೊತ್ತಿರುವುದು ಹೇಗೆ? ಆ ದಿನ ಯಾರೋ ಒಬ್ಬರು ಉಷ್ಣಮಾಪಕವನ್ನು ನೋಡಿ, ಕಂಡದ್ದನ್ನು ಬರೆದಿಟ್ಟರು. ಅಷ್ಟೇ.

ಹಿಮವೆಂಬುದು ನಮಗೆ ದೂರದ ವಸ್ತು. ಕನ್ನಡದಲ್ಲಿ "ಮಂಜು" ಎಂಬ ಒಂದೇ ಮಾತು ಬೆಳಗಿನ ಕಾವಳಕ್ಕೂ ಆಗುತ್ತದೆ, ಹಿಮಾಲಯದ ಹಿಮಕ್ಕೂ ಆಗುತ್ತದೆ. ಹಿಮ ಬೀಳುವ ನಾಡಿನಲ್ಲಿ ಇಷ್ಟು ಸಡಿಲವಾಗಿ ಇರಲು ಆಗುವುದಿಲ್ಲ. ಚಳಿಗಾಲದ ಮೊದಲ ಹಿಮ ಯಾವಾಗ ಬಿತ್ತು, ಎಷ್ಟು ಬಿತ್ತು, ನಿಂತಿತೇ ಕರಗಿತೇ ಎಂಬುದರ ಮೇಲೆ ಅಲ್ಲಿನವರ ದನಕರು, ಗೋಧಿಯ ಬೆಳೆ, ನೆಲಮಾಳಿಗೆಯ ಆಲೂಗೆಡ್ಡೆ, ಬಡವರ ಉರುವಲು ಎಲ್ಲವೂ ನಿಂತಿವೆ. 1739ರ ಕೊನೆಯಲ್ಲಿ ಐರ್ಲೆಂಡಿಗೆ ಬಂದ ಘೋರ ಚಳಿಯಲ್ಲಿ ನೆಲದಲ್ಲಿಯೇ ಇದ್ದ ಆಲೂಗೆಡ್ಡೆ ಹೆಪ್ಪುಗಟ್ಟಿ ಕೊಳೆಯಿತು. ಅದರ ಹಿಂದೆಯೇ ಬಂದ 1740-41ರ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಹೀಗಾಗಿ ಚಳಿಯನ್ನು ಅಳೆಯುವುದು ಅಲ್ಲಿನವರಿಗೆ ಬರಿಯ ಕುತೂಹಲದ ವಿಷಯವಾಗಿರಲಿಲ್ಲ.

ಉಷ್ಣಮಾಪಕ ಮನೆಗೆ ಬಂದದ್ದು

ಚಳಿಯನ್ನು ಅಳೆಯಬೇಕಾದರೆ ಎಲ್ಲರಿಗೂ ಒಪ್ಪಿಗೆಯಾಗುವ ಅಳತೆ ಬೇಕು. ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟ್ ಪಾದರಸದ ಉಷ್ಣಮಾಪಕವನ್ನು ಪರಿಷ್ಕರಿಸಿ, 1724ರಲ್ಲಿ ತನ್ನ ಮಾನವನ್ನು ಪ್ರಕಟಿಸಿದ. ಇದರಲ್ಲಿ ನೀರು ಹೆಪ್ಪುಗಟ್ಟುವುದು 32 ಡಿಗ್ರಿಯಲ್ಲಿ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ನೂರು ಡಿಗ್ರಿಗಳ ಮಾನವನ್ನು ಸೂಚಿಸಿದ. ಆದರೆ ಅವನ ಮಾನದಲ್ಲಿ ನೀರು ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು ನೂರು! ನಾವು ಇಂದು ಬಳಸುವಂತೆ ಅದನ್ನು ತಲೆಕೆಳಗು ಮಾಡಿದ್ದು ಅವನ ಅನಂತರದವರು.

ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಜುರಿನ್ 1723ರಲ್ಲಿ ಬೇರೆ ಬೇರೆ ಊರಿನವರಿಗೆ ಒಂದು ಆಹ್ವಾನ ಕಳುಹಿಸಿದ. ಪ್ರತಿದಿನ ಹವೆಯನ್ನು ಗಮನಿಸಿ, ಬರೆದು, ವರ್ಷಕ್ಕೊಮ್ಮೆ ಕಳುಹಿಸಿಕೊಡಿ ಎಂಬುದು ಅದರ ಸಾರಾಂಶ. ಉಷ್ಣಮಾಪಕವನ್ನು ಎಲ್ಲಿಡಬೇಕು? ಉತ್ತರಕ್ಕೆ ಮುಖವಿರುವ, ಅಪರೂಪಕ್ಕೂ ಬೆಂಕಿ ಹಚ್ಚದ ಕೋಣೆಯಲ್ಲಿಡಿ ಎಂಬುದು ಅವನ ಸಲಹೆ. ಅಂದರೆ ಅಂದಿನ ಎಷ್ಟೋ ಅಳತೆಗಳು ಅಕ್ಷರಶಃ ಮನೆಯೊಳಗಿನ ಅಳತೆಗಳು. ಮನೆಯ ಗೋಡೆ ಹೊರಗಿನ ಚಳಿಯನ್ನು ತಡೆಯುತ್ತದೆ, ತಡಮಾಡಿ ಒಳಕ್ಕೆ ಬಿಡುತ್ತದೆ. ಈ ತೊಡಕು ಮುಂದೆ ವಿದ್ವಾಂಸರಿಗೆ ಬಹಳ ಕೆಲಸ ಕೊಟ್ಟಿತು. ಉಷ್ಣಮಾಪಕವನ್ನು ಹೊರಗೆ ಗಾಳಿಯಾಡುವ ನೆರಳಿನಲ್ಲಿಡಬೇಕು ಎಂಬ ಅರಿವು ನಿಧಾನವಾಗಿ ಬೆಳೆಯಿತು. ಇಂದು ಹವಾಮಾನ ಕೇಂದ್ರಗಳಲ್ಲಿ ನೀವು ಕಾಣುವ, ಪಟ್ಟಿಪಟ್ಟಿಯಾದ ಗೋಡೆಗಳ ಬಿಳಿಯ ಮರದ ಪೆಟ್ಟಿಗೆಯನ್ನು ರೂಪಿಸಿದವನು ಥಾಮಸ್ ಸ್ಟೀವನ್‌ಸನ್. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ತಂದೆ ಈತ.

ಸೆಲ್ಬೋರ್ನ್ ಗ್ರಾಮದ ಡಿಸೆಂಬರ್

ಈಗ ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಎಂಬ ಹಳ್ಳಿಗೆ ಹೋಗೋಣ. ಅಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ಇದ್ದ. 1720ರಲ್ಲಿ ಹುಟ್ಟಿ 1793ರಲ್ಲಿ ತೀರಿಕೊಂಡ ಈತ 1751ರಿಂದ ತೋಟದ ದಿನಚರಿಯನ್ನೂ, 1768ರಿಂದ ಪ್ರಕೃತಿಯ ದಿನಚರಿಯನ್ನೂ ಬರೆದಿಟ್ಟ. ಯಾವ ಹಕ್ಕಿ ಎಂದು ಬಂತು, ಯಾವ ಗಿಡ ಎಂದು ಹೂಬಿಟ್ಟಿತು, ಪಾದರಸ ಎಲ್ಲಿಗಿಳಿಯಿತು ಎಂಬ ಪುಟ್ಟ ಟಿಪ್ಪಣಿಗಳು ಅವು. ಅವನು ಪತ್ರಗಳ ರೂಪದಲ್ಲಿ ರಚಿಸಿದ ಸೆಲ್ಬೋರ್ನಿನ ಪ್ರಕೃತಿ ಚರಿತ್ರೆ ಇಂದಿಗೂ ಅಚ್ಚಾಗುತ್ತಿದೆ.

1784ರ ಡಿಸೆಂಬರಿನ ಮೊದಲ ವಾರ ಅಲ್ಲಿ ಮಳೆಯೋ ಮಳೆ. 7ನೆಯ ತಾರೀಖು ವಾಯುಭಾರ ಮಾಪಕ ಬಹಳ ಕೆಳಗಿಳಿದು ಹಿಮ ಸುರಿಯತೊಡಗಿತು. ಆ ದಿನವೂ, ಮರುದಿನವೂ, ಮರುರಾತ್ರಿಯ ಬಹುಪಾಲೂ ಬಿತ್ತು. 9ರ ಬೆಳಿಗ್ಗೆ ನೋಡಿದರೆ ಓಣಿಗಳು ತುಂಬಿ ಓಡಾಟ ನಿಂತಿತ್ತು. ಗಾಳಿಗೆ ರಾಶಿಬೀಳದ ಜಾಗದಲ್ಲಿಯೇ ಹಿಮ 12ರಿಂದ 15 ಅಂಗುಲ ಇತ್ತು. ಈ ಕೊನೆಯ ಮಾತನ್ನು ಗಮನಿಸಿ. ಗಾಳಿ ಹಿಮವನ್ನು ಒಂದೆಡೆಯಿಂದ ಗುಡಿಸಿ ಇನ್ನೊಂದೆಡೆ ಗುಡ್ಡೆ ಹಾಕುತ್ತದೆ. ಗುಡ್ಡೆಯನ್ನು ಅಳೆದರೆ ಲೆಕ್ಕ ಹೆಚ್ಚಾಗುತ್ತದೆ, ಬೋಳಾದ ಜಾಗದಲ್ಲಿ ಅಳೆದರೆ ಕಡಿಮೆಯಾಗುತ್ತದೆ. ಎಲ್ಲಿ ಅಳೆಯಬೇಕೆಂಬುದು ಆ ಪಾದ್ರಿಗೆ ತಿಳಿದಿತ್ತು.

ಹಿಮ ನಿಂತ ಮೇಲೆ ಚಳಿ ಏರಿತು. ವೈಟನ ಬಳಿ ಇದ್ದ ಒಂದು ಉಷ್ಣಮಾಪಕದಲ್ಲಿ ಗುರುತುಗಳಿದ್ದದ್ದು ಸೊನ್ನೆಗಿಂತ 4 ಡಿಗ್ರಿ ಮೇಲಿನವರೆಗೆ ಮಾತ್ರ. ಪಾದರಸ ಅದಕ್ಕಿಂತಲೂ ಕೆಳಗಿಳಿದು, ಬುರುಡೆಯ ಹಿತ್ತಾಳೆಯ ಕವಚದೊಳಗೆ ಅಡಗಿಕೊಂಡಿತು. ಬೇಕಾದ ಹೊತ್ತಿಗೇ ಉಪಕರಣ ಕೈಕೊಟ್ಟಿತು! ಇನ್ನೊಂದು ಉಷ್ಣಮಾಪಕ 10ನೆಯ ತಾರೀಖು ರಾತ್ರಿ 11 ಗಂಟೆಗೆ ಸೊನ್ನೆಗಿಂತ 1 ಡಿಗ್ರಿ ಕೆಳಗೆ ತೋರಿಸಿತು. ಇದು ಫ್ಯಾರನ್‌ಹೀಟ್ ಲೆಕ್ಕ. ನಮ್ಮ ಲೆಕ್ಕದಲ್ಲಿ ಮೈನಸ್ 18 ಡಿಗ್ರಿಗೂ ಕಡಿಮೆ.

ವೈಟನಿಗೆ ಆಗ ಒಂದು ಪ್ರಶ್ನೆ ಎದ್ದಿತು. ಹತ್ತಿರದಲ್ಲಿಯೇ ನ್ಯೂಟನ್ ಎಂಬ ಇನ್ನೊಂದು ಊರು ಗುಡ್ಡದ ಮೇಲಿದೆ. ತನ್ನ ಮನೆಗಿಂತ 200 ಅಡಿಗೂ ಎತ್ತರ. ಕೆಳಗೇ ಇಷ್ಟು ಚಳಿಯಿದ್ದರೆ ಮೇಲೆ ಇನ್ನೆಷ್ಟಿರಬೇಡ? ಅಲ್ಲಿನ ಪರಿಚಿತರೊಬ್ಬರಿಗೆ ಚೀಟಿ ಕಳುಹಿಸಿ, ನಿಮ್ಮ ಉಷ್ಣಮಾಪಕವನ್ನೂ ಹೊರಗೆ ತೂಗುಹಾಕಿ ಬೆಳಿಗ್ಗೆ ಸಂಜೆ ನೋಡಿ ಎಂದು ಕೇಳಿಕೊಂಡ. ಉತ್ತರ ಬಂತು. ತನ್ನ ಮನೆಯಲ್ಲಿ ಸೊನ್ನೆಗಿಂತ 1 ಡಿಗ್ರಿ ಕೆಳಗಿದ್ದ ಹೊತ್ತಿನಲ್ಲಿ ಗುಡ್ಡದ ಮೇಲೆ ಇದ್ದದ್ದು 17 ಡಿಗ್ರಿ. ಮರುದಿನ ಬೆಳಿಗ್ಗೆ ಕೆಳಗೆ 10, ಮೇಲೆ 22. ಎತ್ತರದ ಊರೇ ಬೆಚ್ಚಗಿತ್ತು!

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಮೇಲಿನ ಉಷ್ಣಮಾಪಕ ಕೆಟ್ಟಿದೆ ಎಂದು ಕೈಬಿಡುತ್ತಿದ್ದಿರೋ ಏನೋ. ವೈಟನಿಗೂ ಅದೇ ಸಂಶಯ ಬಂತು. ಆದರೆ ಅವನು ಸಂಶಯದಲ್ಲಿಯೇ ನಿಲ್ಲಲಿಲ್ಲ. ತನ್ನದೊಂದು ಉಷ್ಣಮಾಪಕವನ್ನು ಗುಡ್ಡಕ್ಕೆ ಕಳುಹಿಸಿ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಹೋಲಿಸುವಂತೆ ಮಾಡಿದ. ಎರಡೂ ಸರಿಯಾಗಿ ಒಂದೇ ಅಂಕವನ್ನು ತೋರಿಸಿದವು. ಉಪಕರಣದಲ್ಲಿ ದೋಷವಿರಲಿಲ್ಲ. ಆ ರಾತ್ರಿ ಗುಡ್ಡಕ್ಕೂ ತಗ್ಗಿಗೂ ಇದ್ದ ಅಂತರ 18 ಫ್ಯಾರನ್‌ಹೀಟ್ ಡಿಗ್ರಿ, ಅಂದರೆ 10 ಸೆಲ್ಸಿಯಸ್ ಡಿಗ್ರಿ. ಇದಕ್ಕೆ ಗಿಡಗಳೂ ಸಾಕ್ಷಿ ಹೇಳಿದವು. ವೈಟನ ತೋಟದ ನಿತ್ಯಹಸಿರು ಗಿಡಗಳು, ವರ್ಷಾನುಗಟ್ಟಲೆ ಬೆಳೆಸಿದ ಬೇಲಿ, ಎಲ್ಲವೂ ಸುಟ್ಟಂತೆ ಕರಕಾದವು. ಗುಡ್ಡದ ಮೇಲಿನ ಅದೇ ಜಾತಿಯ ಗಿಡಗಳಿಂದ ಒಂದು ಎಲೆಯೂ ಉದುರಿರಲಿಲ್ಲ.

ಅಳತೆಯಿಂದ ಅವನು ಒಂದು ಉಪಾಯವನ್ನೂ ಕಲಿತ. ಇಂಥ ಚಳಿ ಬಂದಾಗ ಸಣ್ಣ ತೋಟವಾದರೆ ಚಾಪೆ, ಬಟ್ಟೆ, ಹುಲ್ಲು ಹೊದಿಸಬೇಕು. ದೊಡ್ಡದಾದರೆ ಆಳುಗಳು ಕವೆಗೋಲಿನಿಂದ ಕೊಂಬೆಗಳ ಹಿಮವನ್ನು ಕೊಡವಬೇಕು. ಹಿಮ ಅರ್ಧ ಕರಗಿ ಮತ್ತೆ ಹೆಪ್ಪುಗಟ್ಟಿದರೆ ಎಲೆಗೆ ಅಪಾಯ ಹೆಚ್ಚು ಎಂದು ಅವನು ತೋಟಗಾರರಿಗೆ ಬರೆದು ತಿಳಿಸಿದ.

ತಗ್ಗಿನಲ್ಲೇಕೆ ಹೆಚ್ಚು ಚಳಿ?

ಮೇಲೆ ಹೋದಂತೆ ತಂಪು ಹೆಚ್ಚುತ್ತದೆ ಎಂದು ಪಾಠಗಳಲ್ಲಿ ನೀವು ಓದಿದ್ದೀರಿ. ಹಗಲಿನಲ್ಲಿ ಅದು ಬಹುಮಟ್ಟಿಗೆ ನಿಜ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಯಲ್ಲಿ ಲೆಕ್ಕ ಬದಲಾಗುತ್ತದೆ. ಸೂರ್ಯ ಮುಳುಗಿದ ಮೇಲೆ ನೆಲ ತನ್ನ ಕಾವನ್ನು ಆಕಾಶಕ್ಕೆ ಸೂಸುತ್ತ ತಣ್ಣಗಾಗುತ್ತದೆ. ನೆಲದ ಮೇಲೆ ಹಿಮವಿದ್ದರೆ ಈ ತಂಪು ಇನ್ನೂ ಜೋರು. ಏಕೆಂದರೆ ಹಿಮದ ಮೇಲ್ಮೈ ಕಾವನ್ನು ಚೆನ್ನಾಗಿ ಸೂಸುತ್ತದೆ. ಅದೇ ಹಿಮ ಕಂಬಳಿಯಂತೆ ನೆಲದೊಳಗಿನ ಕಾವು ಮೇಲೆ ಬಾರದಂತೆ ತಡೆಯುತ್ತದೆ. ನೆಲಕ್ಕೆ ತಗುಲಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಇಳಿಜಾರಿನಲ್ಲಿ ನೀರಿನಂತೆ ಜಾರಿ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಸೆಲ್ಬೋರ್ನ್ ಇದ್ದದ್ದು ಗುಡ್ಡದ ಬುಡದಲ್ಲಿ. ನಮ್ಮ ಪಕ್ಕದ ನೀಲಗಿರಿಯಲ್ಲಿಯೂ ಡಿಸೆಂಬರ್, ಜನವರಿಯ ಬೆಳಗುಗಳಲ್ಲಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟುವುದು ಹೆಚ್ಚಾಗಿ ಕಣಿವೆಯ ತಳದಲ್ಲಿ.

ಈ ರಹಸ್ಯವನ್ನು ಬಿಡಿಸುವುದರಲ್ಲಿ ಭಾರತದ ಪಾಲೂ ಇದೆ. ಅಲಹಾಬಾದಿನ ಕಡೆ ಚಳಿಗಾಲದಲ್ಲಿ ಮಂಜುಗಡ್ಡೆ ತಯಾರಿಸುತ್ತಿದ್ದ ಕ್ರಮವನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ವರ್ಣಿಸಿದ. ಬಯಲಿನಲ್ಲಿ ತಗ್ಗು ತೋಡಿ, ಒಣಗಿದ ಕಬ್ಬಿನ ಅಥವಾ ಜೋಳದ ದಂಟನ್ನು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳನ್ನಿಟ್ಟು, ಕುದಿಸಿ ಆರಿಸಿದ ನೀರನ್ನು ಸಂಜೆ ತುಂಬುತ್ತಿದ್ದರು. ಬೆಳಗಾಗುವ ಮುನ್ನ ಮಂಜುಗಡ್ಡೆಯನ್ನು ಆಯ್ದುಕೊಳ್ಳುತ್ತಿದ್ದರು. ಗಾಳಿ ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು! ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ 1814ರಲ್ಲಿ ಇಬ್ಬನಿಯ ಮೇಲೆ ಬರೆದ ಪ್ರಬಂಧದಲ್ಲಿ, ತಿಳಿ ರಾತ್ರಿಯಲ್ಲಿ ವಸ್ತುಗಳು ಕಾವು ಸೂಸಿ ಸುತ್ತಲ ಗಾಳಿಗಿಂತಲೂ ತಣ್ಣಗಾಗುತ್ತವೆಂದು ಪ್ರಯೋಗಗಳಿಂದ ತೋರಿಸಿದ. ಭಾರತದ ಈ ಮಂಜುಗಡ್ಡೆಯನ್ನೂ ಅದೇ ತತ್ತ್ವದಿಂದ ವಿವರಿಸಿದ. ಯಾವ ಪುಸ್ತಕವನ್ನೂ ಓದದ ನಮ್ಮ ಕೆಲಸಗಾರರು ಆ ತತ್ತ್ವವನ್ನು ಅದಾಗಲೇ ಕೈಕೆಲಸದಲ್ಲಿ ಬಳಸುತ್ತಿದ್ದರು.

ದಿನಚರಿಗಳು ಸೇರಿ ಚರಿತ್ರೆಯಾದವು

ಒಬ್ಬನ ದಿನಚರಿ ಒಂದು ಮನೆಯ ಕಥೆ. ನೂರಾರು ದಿನಚರಿಗಳು ಕೂಡಿದರೆ ಅದು ದೇಶದ ಕಥೆ. ಗೋರ್ಡನ್ ಮ್ಯಾನ್ಲಿ ಎಂಬ ಇಂಗ್ಲಿಷ್ ಹವಾಮಾನ ವಿದ್ವಾಂಸ ಇಂಥ ಹಳೆಯ ದಿನಚರಿಗಳನ್ನು ಹುಡುಕಿ, ಯಾವುದು ಒಳಗಿನ ಅಳತೆ, ಯಾವುದು ಹೊರಗಿನದು, ಯಾವುದು ಹಳೆಯ ಪಂಚಾಂಗದ ತಾರೀಖು ಎಂದು ಶೋಧಿಸಿ, ಮಧ್ಯ ಇಂಗ್ಲೆಂಡಿನ ತಿಂಗಳ ಸರಾಸರಿ ಉಷ್ಣಾಂಶಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದ. 1974ರಲ್ಲಿ ಅದನ್ನು 1659ರವರೆಗೆ ಹಿಂದಕ್ಕೆ ಒಯ್ದ. ಉಪಕರಣಗಳಿಂದ ಅಳೆದ ಇಷ್ಟು ದೀರ್ಘವಾದ ತಿಂಗಳವಾರು ಪಟ್ಟಿ ಜಗತ್ತಿನಲ್ಲಿ ಬೇರೊಂದಿಲ್ಲ. ಅದರಲ್ಲಿ ಅತ್ಯಂತ ತಣ್ಣನೆಯ ತಿಂಗಳು 1795ರ ಜನವರಿ. ಸರಾಸರಿ ಮೈನಸ್ 3.1 ಡಿಗ್ರಿ ಸೆಲ್ಸಿಯಸ್. ಅತ್ಯಂತ ತಣ್ಣನೆಯ ವರ್ಷ 1740. ಐರ್ಲೆಂಡಿನ ಆಲೂಗೆಡ್ಡೆ ಕೊಳೆತ ಅದೇ ವರ್ಷ. ಇದೇ ಪಟ್ಟಿಯಲ್ಲಿ ವರ್ಷದ ಸರಾಸರಿ ಮೊದಲ ಬಾರಿಗೆ 11 ಡಿಗ್ರಿಯನ್ನು ದಾಟಿದ್ದು 2022ರಲ್ಲಿ. ಭೂಮಿ ಬಿಸಿಯಾಗುತ್ತಿದೆ ಎಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾದದ್ದರಲ್ಲಿ, ಮುನ್ನೂರು ವರ್ಷದ ಹಿಂದೆ ಚಳಿಯನ್ನು ಬರೆದಿಟ್ಟವರ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ.

ಅಟ್ಲಾಂಟಿಕ್ ಸಾಗರದ ಆಚೆ, ಮುಂದೆ ಅಮೆರಿಕದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ ಕೂಡ ಇದೇ ಹವ್ಯಾಸದವನು. 1772ರ ಜನವರಿಯ ಕೊನೆಯಲ್ಲಿ ವರ್ಜೀನಿಯದಲ್ಲಿ ಬಿದ್ದ ಸುಮಾರು 3 ಅಡಿ ಹಿಮವನ್ನು ಜೆಫರ್ಸನ್ ಮತ್ತು ಜಾರ್ಜ್ ವಾಷಿಂಗ್ಟನ್ ಇಬ್ಬರೂ ತಂತಮ್ಮ ಪುಸ್ತಕಗಳಲ್ಲಿ ದಾಖಲಿಸಿದ್ದಾರೆ. ಜೆಫರ್ಸನ್ 1776ರ ಜುಲೈ 1ರಿಂದ ನಿಯಮಿತವಾಗಿ ಹವೆಯ ಲೆಕ್ಕವಿಟ್ಟ. ಸ್ವಾತಂತ್ರ್ಯ ಘೋಷಣೆಯಾದ ಜುಲೈ 4ರಂದೂ ಅವನು ಅದನ್ನು ತಪ್ಪಿಸಲಿಲ್ಲ. ಮಧ್ಯಾಹ್ನ 1 ಗಂಟೆಗೆ 76 ಡಿಗ್ರಿ ಫ್ಯಾರನ್‌ಹೀಟ್ ಎಂದು ಬರೆದ. 1849ರಲ್ಲಿ ಜೋಸೆಫ್ ಹೆನ್ರಿ ಸ್ಮಿತ್ಸೋನಿಯನ್ ಸಂಸ್ಥೆಯ ಮೂಲಕ ಸ್ವಯಂಸೇವಕ ವೀಕ್ಷಕರ ಜಾಲವನ್ನು ಕಟ್ಟಿದ. 1890ರ ಕಾಯಿದೆಯ ತರುವಾಯ ಅದು ಸರ್ಕಾರಿ ಹವಾಮಾನ ಸಂಸ್ಥೆಯ ಅಂಗವಾಗಿ ಬೆಳೆಯಿತು.

ಈ ಸ್ವಯಂಸೇವಕರು ಹಿಮವನ್ನು ಅಳೆಯುವ ವಿಧಾನ ಬಹು ಸರಳ. ಚಳಿಗಾಲದ ಆರಂಭದಲ್ಲಿ ನೆಲ ಇನ್ನೂ ಬೆಚ್ಚಗಿರುತ್ತದೆ. ಮೊದಲ ಹಿಮ ಬಿದ್ದ ಹಾಗೆಯೇ ಅಡಿಯಿಂದ ಕರಗುತ್ತದೆ. ಆದ್ದರಿಂದ ಬಿಳಿ ಬಣ್ಣ ಬಳಿದ ಒಂದು ಹಲಗೆಯನ್ನು ಮರ, ಗೋಡೆಗಳಿಂದ ದೂರ ಬಯಲಿನಲ್ಲಿಡುತ್ತಾರೆ. ಬಿದ್ದ ಹಿಮದ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿ, ಹಲಗೆಯನ್ನು ಗುಡಿಸಿ ಮತ್ತೆ ಇಡುತ್ತಾರೆ. ಆದರೆ ಆರು ಗಂಟೆಗೊಮ್ಮೆಗಿಂತ ಹೆಚ್ಚು ಸಲ ಗುಡಿಸಬಾರದು. ಹಿಮ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಗಂಟೆಗಂಟೆಗೂ ಅಳೆದು ಕೂಡಿಸಿದರೆ ಸುಳ್ಳು ಎತ್ತರ ಸಿಗುತ್ತದೆ. ಎರಡು ಊರುಗಳನ್ನು ಹೋಲಿಸಬೇಕಾದರೆ ಇಬ್ಬರೂ ಒಂದೇ ನಿಯಮ ಪಾಲಿಸಬೇಕು. ಕೊನೆಗೆ ಹಿಮವನ್ನು ಕರಗಿಸಿ ನೀರೆಷ್ಟೆಂದು ನೋಡುತ್ತಾರೆ. ಸ್ಥೂಲವಾಗಿ 10 ಅಂಗುಲ ಹಿಮಕ್ಕೆ 1 ಅಂಗುಲ ನೀರು. ಒದ್ದೆ ಹಿಮವಾದರೆ ಹೆಚ್ಚು, ಪುಡಿ ಹಿಮವಾದರೆ ಕಡಿಮೆ.

ಹಿಮಾಲಯದ ಹಿಮವೂ ನಮ್ಮ ಮಳೆಯೂ

ಇಷ್ಟೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಉತ್ತರ ನಮ್ಮ ನಾಡಿನ ಚರಿತ್ರೆಯಲ್ಲಿಯೇ ಇದೆ. 1876-78ರ ಬರಗಾಲವನ್ನು ನಮ್ಮ ಹಿರಿಯರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷಕ್ಕೂ ಹೆಚ್ಚಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿಯಿತು. ಮಳೆ ಕೈಕೊಡುವುದನ್ನು ಮೊದಲೇ ತಿಳಿಯಲು ಸಾಧ್ಯವೇ ಎಂಬುದು ಆಗ ಜೀವನ್ಮರಣದ ಪ್ರಶ್ನೆಯಾಯಿತು.

1875ರಲ್ಲಿ ಸ್ಥಾಪನೆಯಾದ ಭಾರತ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್, ಹಿಮಾಲಯದಲ್ಲಿ ಬಿದ್ದ ಹಿಮದ ವರದಿಗಳನ್ನು ಮಳೆಯ ಲೆಕ್ಕದೊಡನೆ ಹೋಲಿಸಿದ. ಅಲ್ಲಿ ಹಿಮ ವಿಪರೀತವಾಗಿ ಬಿದ್ದು ತಡವಾಗಿ ಕರಗಿದರೆ ಬಯಲುಸೀಮೆಗಳಲ್ಲಿ ಮುಂಗಾರು ದುರ್ಬಲವಾಗುವುದುಂಟು ಎಂದು 1884ರಲ್ಲಿ ಪ್ರಬಂಧ ಬರೆದ. ಹಿಮ ಹೊದ್ದ ನೆಲ ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಬೇಗ ಕಾಯುವುದಿಲ್ಲ. ನೆಲ ಕಾಯದಿದ್ದರೆ ಸಮುದ್ರದ ಗಾಳಿಯನ್ನು ಎಳೆಯುವ ಬಲ ಕುಂದುತ್ತದೆ. 1886ರಲ್ಲಿ ಇಲಾಖೆಯ ಮೊದಲ ಮುಂಗಾರು ಮುನ್ಸೂಚನೆ ಹೊರಬಿತ್ತು. ಈ ನಂಟು ಪ್ರತಿವರ್ಷವೂ ಒಂದೇ ರೀತಿ ಕೆಲಸ ಮಾಡುವುದಿಲ್ಲವೆಂದು ಅನಂತರ ತಿಳಿದುಬಂತು. ಮುಂಗಾರಿನ ಹಿಂದೆ ಬೇರೆ ಕಾರಣಗಳೂ ಇವೆ. ಆದರೂ ಚಿತ್ರದುರ್ಗದ ಹೊಲಕ್ಕೂ ಹಿಮಾಲಯದ ಹಿಮಕ್ಕೂ ಸಂಬಂಧವಿರಬಹುದೆಂಬ ಯೋಚನೆ ಹುಟ್ಟಿದ್ದು ಬರೆದಿಟ್ಟ ಲೆಕ್ಕಗಳಿಂದ.

ನೀವೇನು ಮಾಡಬಹುದು?

ನಮ್ಮಲ್ಲಿ ಹಿಮವಿಲ್ಲ. ಆದರೆ ಚಳಿಯಿದೆ. ಬೀದರಿನಲ್ಲಿಯೂ ವಿಜಯಪುರದಲ್ಲಿಯೂ ಕೊಡಗಿನಲ್ಲಿಯೂ ಬೇರೆ ಬೇರೆ ಬಗೆಯ ಚಳಿಯಿದೆ. ಕಾರ್ತಿಕ ಮಾಸದಿಂದ ಶಿವರಾತ್ರಿಯವರೆಗೆ ಒಂದು ದಿನಚರಿ ಇಟ್ಟು ನೋಡಿ. ಕನಿಷ್ಠ, ಗರಿಷ್ಠ ಎರಡನ್ನೂ ತೋರಿಸುವ ಉಷ್ಣಮಾಪಕ ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿದ್ದರೆ ಅಧ್ಯಾಪಕರನ್ನು ಕೇಳಿ. ಅದನ್ನು ಬಿಸಿಲು ತಾಗದ, ಗಾಳಿಯಾಡುವ ಜಾಗದಲ್ಲಿ, ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ, ಅಡಿಗೆಮನೆಯ ಹೊಗೆಗೂ ಹೆಂಚಿನ ಕಾವಿಗೂ ದೂರವಾಗಿ ತೂಗುಹಾಕಿ. ಪ್ರತಿದಿನ ಒಂದೇ ಹೊತ್ತಿಗೆ ನೋಡಿ. ಭಾರತ ಹವಾಮಾನ ಇಲಾಖೆಯವರು ಬೆಳಿಗ್ಗೆ ಎಂಟೂವರೆಗೆ ನೋಡುತ್ತಾರೆ. ನಿಮಗೂ ಅದೇ ಒಳ್ಳೆಯದು. ಆಕಾಶ ತಿಳಿಯಾಗಿತ್ತೇ, ಗಾಳಿಯಿತ್ತೇ, ಇಬ್ಬನಿ ಬಿದ್ದಿತ್ತೇ ಎಂದೂ ಬರೆಯಿರಿ. ಊರಿಗೆ ಹೋಗಿ ಒಂದು ದಿನ ತಪ್ಪಿದರೆ ಆ ಸಾಲನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಖಾಲಿ ಸಾಲು ಯಾರಿಗೂ ಸುಳ್ಳು ಹೇಳುವುದಿಲ್ಲ.

ನಿಮ್ಮ ಗೆಳೆಯನೋ ಗೆಳತಿಯೋ ಊರಿನ ದಿಬ್ಬದ ಮೇಲೆ, ನೀವು ಕೆರೆಯ ಕೆಳಗಿನ ತಗ್ಗಿನಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಇಬ್ಬರೂ ಬರೆದು ಹೋಲಿಸಿ. ಮೊದಲು ಎರಡು ಉಷ್ಣಮಾಪಕಗಳನ್ನೂ ಒಂದು ದಿನ ಪಕ್ಕಪಕ್ಕದಲ್ಲಿಡುವುದನ್ನು ಮಾತ್ರ ಮರೆಯಬೇಡಿ. ಮುಂದಿನ ಮಾಗಿಯಲ್ಲಿ ಮನೆಯ ಅಜ್ಜ "ಇಂಥ ಚಳಿಯನ್ನು ಕಂಡಿರಲಿಲ್ಲ" ಎಂದಾಗ, ನಿಮ್ಮ ಪುಸ್ತಕವನ್ನು ತೆರೆದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಅವರ ನೆನಪೂ ನಿಮ್ಮ ಅಂಕಿಯೂ ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ಇಬ್ಬರೂ ಸೇರಿ ನೋಡಿ, ಅದನ್ನೂ ಅದೇ ಪುಸ್ತಕದಲ್ಲಿ ತಾರೀಖು ಹಾಕಿ ಬರೆಯಿರಿ.